ಬಾಟಲಿಯಲ್ಲಿ ಉಸಿರಾಡಿದ ನೀರು

ಜನವರಿ ೧೧

ಅತ್ತಿಗೆ,

ಕ್ಷೇಮ ಸಮಾಚಾರ ಬರೆಯುವ ತಾಳ್ಮೆ ಇಲ್ಲ, ನೇರ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವಿರುವ ಆ ಬಂಡೆ ದ್ವೀಪದಲ್ಲಿ ಸಿಗ್ನಲ್ಲು ಗಾಳಿ ಹೇಳಿದಂತೆ ಕೇಳುತ್ತದೆ. ಹೋದ ಸಲ ನಾನು ಈ ಕಡೆ ಅಳುತ್ತಿದ್ದರೆ ನೀವು ಆ ಕಡೆಯಿಂದ "ಸರಿ ಸರಿ, ಒಳ್ಳೇದಾಯ್ತು ಬಿಡು" ಅಂದಿರಿ. ಅದಕ್ಕೇ ಕಾಗದ. ವಾರಕ್ಕೊಮ್ಮೆ ನಿಮಗೆ ದಿನಸಿ ತರುವ ದೋಣಿಯಲ್ಲಿ ಬರುತ್ತದೆ. ಕಾಗದದ ಎದುರು "ಕೇಳಿಸ್ತಿಲ್ಲ" ಅನ್ನಲು ಬರುವುದಿಲ್ಲ.

ಮರಿಮನೆಯಲ್ಲಿ ಸಿಂಪಿ ಮರಿಗಳು ಸಾಯುತ್ತಿವೆ. ಈ ಹಂಗಾಮಿನಲ್ಲಿ ಒಂದು ಕಂತಿನ ಮರಿಯೂ ಬದುಕಿ ನಿಂತಿಲ್ಲ. ಮೊಟ್ಟೆಯೊಡೆದ ದಿನ ತೊಟ್ಟಿ ತುಂಬ ಓಡಾಡಿಕೊಂಡಿರುತ್ತವೆ, ಧೂಳಿಗೆ ಜೀವ ಬಂದ ಹಾಗೆ. ಮಾರನೇ ದಿನ ಚಿಪ್ಪು ಕಟ್ಟಬೇಕಾದ ಹೊತ್ತಿಗೆ ತಳ ಸೇರುತ್ತವೆ. ಜಾಲರಿಯಲ್ಲಿ ಸೋಸಿದರೆ ಬರುವುದು ಬೂದು ಬಣ್ಣದ ಕೆಸರು.

ಮ್ಯಾನೇಜರು ಕಾರಣ ಕಂಡುಹಿಡಿದಿದ್ದಾರೆ. ಕಾರಣ ನಾವು. ತೊಟ್ಟಿ ತೊಳೆಯುವ ಹೆಂಗಸರ ಕೈ. ಸೋಮವಾರ ನಮ್ಮನ್ನು ಸಾಲಾಗಿ ನಿಲ್ಲಿಸಿ ಅಂಗೈಗೆ ಹತ್ತಿ ಕಡ್ಡಿ ಉಜ್ಜಿಸಿದರು. ವಾರ ಮುಗಿಯುವುದರೊಳಗೆ ನೋಟಿಸ್ ಬೋರ್ಡಿನಲ್ಲಿ ನಮ್ಮ ಟೋಕನ್ ನಂಬರುಗಳು, ಎದುರಿಗೆ ಯಾರ ಕೈಯಲ್ಲಿ ಎಷ್ಟು ಕ್ರಿಮಿ ಎಂಬ ಲೆಕ್ಕ. ಮೊದಲನೇ ಸ್ಥಾನ ನಾವೆಲ್ಲ ದೊಡ್ಡಮ್ಮ ಎಂದು ಕರೆಯುವ ಹಿರಿಯವಳದು. ಈ ಮರಿಮನೆ ಶುರುವಾದಾಗಿನಿಂದ ಇರುವವಳು, ನಮಗೆಲ್ಲ ಕೆಲಸ ಕಲಿಸಿದವಳು. ಬೋರ್ಡು ನೋಡಿ, "ಶಾಲೇಲಿ ಒಂದ್ಸಲಾನೂ ಫಸ್ಟ್ ಬಂದಿರ್ಲಿಲ್ಲ ಕಣ್ರೇ" ಅಂದಳು. ನಾವು ನಕ್ಕೆವು. ಆಮೇಲೆ ಅವಳು ಊಟದ ಡಬ್ಬಿ ತೆರೆದು, ತನ್ನ ಕೈಯನ್ನೇ ನೋಡುತ್ತಾ ಕೂತು, ಮತ್ತೆ ಮುಚ್ಚಿಟ್ಟಳು.

ಮ್ಯಾನೇಜರ ಕೈ ಯಾರೂ ಪರೀಕ್ಷೆ ಮಾಡಲಿಲ್ಲ. ಕೆಲವರ ಕೈ ಹುಟ್ಟಿನಿಂದಲೇ ಶುದ್ಧವಿರುತ್ತದೆ, ಕೆಲವರದು ಎಷ್ಟು ತೊಳೆದರೂ ಆಗುವುದಿಲ್ಲ. ಈ ಲೆಕ್ಕ ನನಗೆ ಹೊಸದಲ್ಲ.

ಅವರ ಕೈಯಲ್ಲಿರುವ ಸಾಕ್ಷಿ ಏನು ಗೊತ್ತೆ? ನಿಮ್ಮ ಸಮುದ್ರ ಸಂಶೋಧನಾ ಸಂಸ್ಥೆಯ ಹೋದ ವರ್ಷದ ವರದಿ. "ಮರಿಗಳು ಸತ್ತ ತೊಟ್ಟಿಗಳಲ್ಲಿ ಸೂಕ್ಷ್ಮಜೀವಿಗಳ ಸಂಖ್ಯೆ ಹೆಚ್ಚಿರುವುದು ಕಂಡುಬಂದಿದೆ." ಈ ವಾಕ್ಯ ಬರೆದವರು ಯಾರು ಅತ್ತಿಗೆ?

ಮಾರ್ಚ್ ಕೊನೆಗೆ ವಿಚಾರಣೆ. ತಪ್ಪು ಕೈಯದೇ ಎಂದಾದರೆ ನಾವು ಹದಿಮೂರು ಜನವೂ ಮನೆಗೆ. ಕೈ ಕೊಳಕೆಂದು ಬರೆಸಿಕೊಂಡು ಹೋದವಳಿಗೆ ಈ ದಡದ ಮೇಲೆ ಇನ್ನಾವ ಮರಿಮನೆ ಕೆಲಸ ಕೊಡುತ್ತದೆ? ನೀವು ಸಮುದ್ರದ ನೀರನ್ನೇ ಓದಿದವರು. ನೀರು ಸರಿ ಇದೆಯೋ ಇಲ್ಲವೋ, ಒಂದು ಮಾತು ಬರೆದುಕೊಡಿ.

ಅಣ್ಣ ಚೆನ್ನಾಗಿದ್ದಾನೆ. ಪಂಪ್ ಹೌಸಿನಲ್ಲಿ ಕರೆಂಟು ಉಳಿಸಿದ್ದಕ್ಕೆ ಕಂಪನಿ ಅವನಿಗೆ ಗೋಡೆ ಗಡಿಯಾರ ಕೊಟ್ಟಿದೆ. ಬಂದವರಿಗೆಲ್ಲ ಹೊತ್ತೆಷ್ಟು ಎಂದು ಕೇಳದಿದ್ದರೂ ಹೇಳುತ್ತಿದ್ದಾನೆ.

ನಿಮ್ಮ ನಾದಿನಿ


ಜನವರಿ ೨೨

ನಾದಿನಿಗೆ,

ಆ ವಾಕ್ಯ ಬರೆದವಳು ನಾನೇ. ಅದರಲ್ಲಿ ತಪ್ಪಿಲ್ಲ. ಅದನ್ನು ಓದಿದ ರೀತಿಯಲ್ಲಿ ತಪ್ಪಿದೆ. ಸತ್ತ ಮರಿಗಳನ್ನು ತಿನ್ನಲು ಸೂಕ್ಷ್ಮಜೀವಿಗಳು ಬರುತ್ತವೆ, ಸಂಖ್ಯೆ ಹೆಚ್ಚುತ್ತದೆ. ಅವು ಬಂದದ್ದರಿಂದ ಮರಿ ಸತ್ತಿತೋ, ಮರಿ ಸತ್ತದ್ದರಿಂದ ಅವು ಬಂದವೋ ಎಂಬುದನ್ನು ಆ ಅಧ್ಯಯನ ಹೇಳುವುದಿಲ್ಲ. ಹಾಗೆ ಹೇಳುವುದು ಅದರ ಉದ್ದೇಶವೂ ಆಗಿರಲಿಲ್ಲ.

ನೀರಿನ ವಿಚಾರ. ನಿಮ್ಮ ಕೊಲ್ಲಿಯ ಬಾಯಿಯಲ್ಲಿ ನಮ್ಮದೊಂದು ಅಳತೆಯ ಉಪಕರಣ ಇದೆ. ದಿನದ ಸರಾಸರಿಗಳನ್ನು ತೆಗೆದು ನೋಡಿದೆ. ಸಮುದ್ರ ಎಲ್ಲ ಕಡೆಯಂತೆ ಇಲ್ಲೂ ನಿಧಾನವಾಗಿ ಹುಳಿಯ ಕಡೆ ಜರುಗುತ್ತಿದೆ. ಚಿಮಣಿಗಳ, ಗಾಡಿಗಳ ಹೊಗೆಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಅದು ಹೀರಿಕೊಳ್ಳುತ್ತಿದೆ. ಆದರೆ ಒಂದೇ ಹಂಗಾಮಿನಲ್ಲಿ ಮರಿಗಳೆಲ್ಲ ಸಾಯುವಷ್ಟು ಬದಲಾವಣೆ ಕಾಣುತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ಆದರೂ ದೋಣಿಯವನ ಕೈಯಲ್ಲಿ ಆರು ಗಾಜಿನ ಬಾಟಲಿ ಕಳಿಸುತ್ತಿದ್ದೇನೆ. ತೊಟ್ಟಿಗೆ ಬರುವ ನಲ್ಲಿಯಿಂದ ನೀರು ಹಿಡಿ. ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ತುಂಬು. ಜೊತೆಗೆ ಪುಟ್ಟ ಸೀಸೆಗಳಿವೆ, ಪಾದರಸದ ವಿಷ. ಬಾಟಲಿಗೊಂದು ಹನಿ ಹಾಕಿ ತಕ್ಷಣ ಬಿಗಿಯಾಗಿ ಮುಚ್ಚು. ಕೈಗೆ ತಾಗದಂತೆ ಜೋಪಾನ.

ನಿನ್ನಣ್ಣನಿಗೆ ಗಡಿಯಾರಕ್ಕೆ ಅಭಿನಂದನೆ ತಿಳಿಸು. ಮನೆಯಲ್ಲಿ ಬಲ್ಬು ಆರಿಸದ ಮನುಷ್ಯ ಕಂಪನಿಯ ಕರೆಂಟು ಉಳಿಸಿದರೆಂದರೆ ದೊಡ್ಡ ಸುದ್ದಿಯೇ.

ಅತ್ತಿಗೆ


ಫೆಬ್ರವರಿ ೨

ಅತ್ತಿಗೆ,

ನೀವು ಬರೆದದ್ದನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ದೊಡ್ಡಮ್ಮ ಕೇಳಿದ್ದು ಇಷ್ಟೇ. "ಸಾವಿನ ಮನೆಗೆ ಬಂದೋರ್ನ ಕೊಲೆಗಾರ್ರು ಅಂದ್ರೆ ಹೆಂಗೆ? ಅದ್ನೇ ನಿಮ್ಮತ್ತಿಗೆ ಅವತ್ತೇ ಬರೀಬಹುದಿತ್ತಲ್ಲ?" ಅದು ಆ ಅಧ್ಯಯನದ ಉದ್ದೇಶ ಆಗಿರಲಿಲ್ಲವಂತೆ ಎಂದು ಯಾವ ಬಾಯಲ್ಲಿ ಹೇಳಲಿ?

ಬಾಟಲಿಗಳನ್ನು ಕಳಿಸಿದ್ದೇನೆ. ಒಂದು ಗುಳ್ಳೆಯೂ ಇಲ್ಲ. ತಲೆಕೆಳಗು ಮಾಡಿ ನೋಡಿದ್ದೇವೆ, ಕತ್ತಲೆ ಡಬ್ಬಿಯಲ್ಲಿಟ್ಟು ಹಳೇ ಬಟ್ಟೆ ಸುತ್ತಿದ್ದೇವೆ. ಬೇಗ ನೋಡಿ.

ನಾದಿನಿ


ಫೆಬ್ರವರಿ ೧೦

ನಾದಿನಿ,

ಅವಸರದಲ್ಲಿ ಬರೆಯುತ್ತಿದ್ದೇನೆ, ದೋಣಿಯವನು ಹೊರಡಲು ನಿಂತಿದ್ದಾನೆ. ಆರೂ ಬಾಟಲಿ ನೋಡಿದೆ. ಇಷ್ಟು ಹುಳಿ ನೀರನ್ನು ನಿಮ್ಮ ಕೊಲ್ಲಿಯಲ್ಲಿ ನಾನು ಎಂದೂ ಕಂಡಿಲ್ಲ. ಉಪಕರಣ ಕೆಟ್ಟಿರಬೇಕೆಂದು ಮತ್ತೊಂದರಲ್ಲಿ ನೋಡಿದೆ. ಅದೂ ಹಾಗೇ ಹೇಳಿತು. ಇಂಥ ನೀರಿನಲ್ಲಿ ಚಿಪ್ಪು ಕಟ್ಟುವುದೆಂದರೆ ಹರಿಯುವ ನೀರಿನಲ್ಲಿ ಗೋಡೆ ಎಬ್ಬಿಸಿದಂತೆ. ಇದು ನಿಜವಾದರೆ ನಿಮ್ಮ ಕೈಗಳ ಮೇಲಿನ ಆರೋಪ ನಿಲ್ಲುವುದಿಲ್ಲ.

ಒಂದೇ ಅನುಮಾನ. ಎಲ್ಲ ಬಾಟಲಿಗೂ ವಿಷ ಹಾಕಿದ್ದೀರಿ ತಾನೆ?

ಅತ್ತಿಗೆ


ಫೆಬ್ರವರಿ ೧೬

ಅತ್ತಿಗೆ,

ಇಲ್ಲ.

ಬೈಯುವ ಮುಂಚೆ ಕೇಳಿ. ಮರಿ ಸಾಯಿಸಿದ ಆರೋಪ ಹೊತ್ತ ಹೆಂಗಸರು ನಾವು. ಗೇಟಿನಲ್ಲಿ ದಿನವೂ ನಮ್ಮ ಚೀಲ ಜಾಲಾಡುತ್ತಾರೆ. ಸೀಸೆ ಮೇಲೆ ಇಷ್ಟು ದೊಡ್ಡ ತಲೆಬುರುಡೆ ಚಿತ್ರ. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮರಿ ತೊಟ್ಟಿಯ ಪಕ್ಕ ನಿಂತು ನೀರಿಗೆ ಹನಿ ಬಿಡಬೇಕಿತ್ತೆ? ಸಿಕ್ಕಿಬಿದ್ದರೆ ವಿಚಾರಣೆ ಯಾಕೆ, ನೇರ ಜೈಲು. ಸೀಸೆಗಳು ನನ್ನ ಮನೆಯಲ್ಲಿ ಪೆಟ್ಟಿಗೆಯ ತಳದಲ್ಲಿವೆ, ಬೀಗ ಹಾಕಿ ಇಟ್ಟಿದ್ದೇನೆ.

ಹೋದ ಸಲವೇ ಬರೆಯಲಿಲ್ಲ, ನಿಜ. ಬರೆದಿದ್ದರೆ ನೀವು ಬಾಟಲಿ ಮುಟ್ಟುತ್ತಲೇ ಇರಲಿಲ್ಲ. ನೀರು ಹುಳಿ ಎಂದು ನಿಮ್ಮ ಉಪಕರಣವೇ ಹೇಳಿದೆಯಲ್ಲ. ಒಂದು ಹನಿ ವಿಷಕ್ಕೋಸ್ಕರ ಆ ಮಾತನ್ನು ಹಿಂದಕ್ಕೆ ತಗೊಳ್ಳುತ್ತೀರಾ?

ನಾದಿನಿ


ಫೆಬ್ರವರಿ ೨೪

ನಾದಿನಿ,

ಹಿಂದಕ್ಕೆ ತಗೊಳ್ಳುತ್ತಿದ್ದೇನೆ. ಬೇರೆ ದಾರಿಯಿಲ್ಲ. ಆರು ಬಾಟಲಿ, ಒಂದು ವಾರದ ಕೆಲಸ, ಎಲ್ಲ ಮಣ್ಣುಪಾಲು. ಹೇಳಿದ್ದನ್ನು ಹೇಳಿದ ಹಾಗೆ ಮಾಡಲು ನಿನಗೆ ಚಿಕ್ಕಂದಿನಿಂದಲೂ ಆಗುವುದಿಲ್ಲ ಎಂದು ನಿನ್ನಣ್ಣ ಹೇಳುತ್ತಿದ್ದದ್ದು ಸುಳ್ಳಲ್ಲ.

ವಿಷ ಯಾಕೆ ಎಂದು ಮೊದಲೇ ಬರೆಯದೇ ಹೋದದ್ದು ನನ್ನ ಪೆದ್ದುತನ, ಈಗ ಬರೆಯುತ್ತೇನೆ. ಒಂದು ಚಮಚ ಸಮುದ್ರದ ನೀರಿನಲ್ಲಿ ಲಕ್ಷಗಟ್ಟಲೆ ಸೂಕ್ಷ್ಮಜೀವಿಗಳಿರುತ್ತವೆ. ಅವು ಕೊಳಕಲ್ಲ, ಅವಿಲ್ಲದೆ ಸಮುದ್ರವೇ ಇಲ್ಲ. ಅದೇ ನೀರಿನಲ್ಲಿ ಕಣ್ಣಿಗೆ ಕಾಣದ ಪಾಚಿಯೂ ಇರುತ್ತದೆ. ಬಿಸಿಲಿದ್ದಾಗ ಪಾಚಿ ಕಾರ್ಬನ್ ಡೈಆಕ್ಸೈಡನ್ನು ಎಳೆದುಕೊಳ್ಳುತ್ತದೆ, ನೀರು ಹದದಲ್ಲಿರುತ್ತದೆ. ಬೆಳಕು ಹೋಯಿತೆಂದರೆ ಎಳೆದುಕೊಳ್ಳುವವರು ಯಾರೂ ಇಲ್ಲ. ಉಸಿರು ಬಿಡುವವರು ಮಾತ್ರ. ಅವು ತಿನ್ನುತ್ತಲೇ ಇರುತ್ತವೆ, ಬಿಡುತ್ತಲೇ ಇರುತ್ತವೆ, ನೀರು ಹುಳಿಯಾಗುತ್ತಲೇ ಹೋಗುತ್ತದೆ. ಹನಿ ವಿಷ ಹಾಕಿದ್ದರೆ ನೀರು ಹಿಡಿದ ಗಳಿಗೆಯಲ್ಲೇ ಎಲ್ಲ ನಿಂತುಬಿಡುತ್ತಿತ್ತು. ನೀನು ಹಾಕಲಿಲ್ಲ. ಕತ್ತಲೆ ಡಬ್ಬಿಯಲ್ಲಿಟ್ಟೆ, ಸಾಲದ್ದಕ್ಕೆ ಬೆಚ್ಚಗೆ ಬಟ್ಟೆ ಸುತ್ತಿದೆ. ದೋಣಿಯಲ್ಲಿ ಬರುವಷ್ಟು ಹೊತ್ತೂ ಅವು ಒಳಗೆ ಉಸಿರಾಡಿವೆ. ನಾನು ಅಳೆದದ್ದು ನಿಮ್ಮ ಕೊಲ್ಲಿಯನ್ನಲ್ಲ, ನಿನ್ನ ಡಬ್ಬಿಯೊಳಗಿನ ಕತ್ತಲನ್ನು.

ಇಷ್ಟು ಬರೆದು, ಲಕೋಟೆ ಅಂಟಿಸಿ, ಮತ್ತೆ ಹರಿದು ತೆರೆದಿದ್ದೇನೆ. ಬೆಚ್ಚಗಿನ ಕತ್ತಲು. ಕೊಲ್ಲಿಯಲ್ಲೂ ಪ್ರತಿ ರಾತ್ರಿ ಅದೇ ಆಗುತ್ತದಲ್ಲವೆ?

ನಿಮ್ಮಲ್ಲಿ ಸಮುದ್ರದಿಂದ ನೀರೆತ್ತುವುದು ಎಷ್ಟು ಹೊತ್ತಿಗೆ? ನಾನು ಅಲ್ಲಿದ್ದಾಗ ಮಧ್ಯಾಹ್ನದ ಊಟವಾದ ಮೇಲೆ ಪಂಪು ಹಾಕುತ್ತಿದ್ದರು. ಈಗಲೂ ಹಾಗೇ ತಾನೆ?

ಅತ್ತಿಗೆ


ಮಾರ್ಚ್ ೩

ಅತ್ತಿಗೆ,

ಇಲ್ಲ. ಈಗ ಪಂಪು ರಾತ್ರಿ ಹಾಕುತ್ತಾರೆ. ಹೋದ ಹಂಗಾಮು ಮುಗಿದ ಮೇಲಿಂದ. ರಾತ್ರಿ ಕರೆಂಟು ಅಗ್ಗ. ಬೆಳಿಗ್ಗೆ ನಾವು ಬರುವ ಹೊತ್ತಿಗೆ ಮೇಲಿನ ಟ್ಯಾಂಕು ತುಂಬಿರುತ್ತದೆ, ದಿನವಿಡೀ ಅದೇ ನೀರು.

ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಬೇಡಿ. ನೀವು ಕೇಳಿರಲಿಲ್ಲ. ದಿನಾ ಬಾಗಿಲು ತೆಗೆದು ಒಳಗೆ ಹೋಗುತ್ತೇನೆ ಎಂದು ಯಾರಾದರೂ ಕಾಗದದಲ್ಲಿ ಬರೆಯುತ್ತಾರೆಯೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಪಂಪಿಗೆ ಟೈಮರ್ ಕೂರಿಸಿದವನು ಯಾರೆಂದು ನಿಮಗೂ ಈಗ ಹೊಳೆದಿರಬೇಕು. ಗಡಿಯಾರ ಸುಮ್ಮನೆ ಕೊಟ್ಟಿಲ್ಲ. ಮರಿಮನೆಯಲ್ಲಿ ಎಲ್ಲರೂ ಅವನನ್ನು ಟೈಮರ್ ಸಾಹೇಬರು ಅನ್ನುತ್ತಾರೆ. ಹಾಗೆ ಕರೆದರೆ ಬೀಗುತ್ತಾನೆ.

ಈಗೇನು ಮಾಡಬೇಕು ಹೇಳಿ. ವಿಚಾರಣೆ ೨೬ಕ್ಕೆ. ಅಷ್ಟರೊಳಗೆ ಬರೆದುಕೊಡಿ. ಅಣ್ಣನಿಗೆ ನಾನಿನ್ನೂ ಏನೂ ಹೇಳಿಲ್ಲ.

ನಾದಿನಿ


ಮಾರ್ಚ್ ೧೭

ಅತ್ತಿಗೆಯವರಿಗೆ,

ಎರಡು ದೋಣಿ ಬಂದು ಹೋದವು. ಎರಡರಲ್ಲೂ ನನಗೆ ಕಾಗದವಿಲ್ಲ. ಅಣ್ಣನಿಗೆ ಬಂತು. ಅವನು ಓದಿ, ಮಡಚಿ, ಅಂಗಿ ಜೇಬಿಗೆ ಹಾಕಿಕೊಂಡ. "ಏನ್ ಬರ್ದಿದಾರೆ ಅತ್ತಿಗೆ?" ಎಂದು ಕೇಳಿದರೆ, "ಗಂಡ ಹೆಂಡ್ತಿ ಕಾಗ್ದ ನಿಂಗ್ಯಾಕೆ?" ಅಂದ.

ಅರ್ಥವಾಯಿತು. ನೀರು ಹುಳಿ ಎಂದು ಹೇಳಲು ನಿಮಗೆ ಧೈರ್ಯವಿತ್ತು. ಗಂಡನ ಟೈಮರ್ ತಪ್ಪು ಎಂದು ಹೇಳಲು ಇಲ್ಲ. ಅವನ ಗಡಿಯಾರ ಗೋಡೆಯ ಮೇಲಿರಲಿ, ನಮ್ಮ ಕೈಗಳು ಬೋರ್ಡಿನ ಮೇಲಿರಲಿ. ಓದಿದವರ ಮನೆಗಳಲ್ಲಿ ನ್ಯಾಯ ಹೀಗೇ ಅಡುಗೆಮನೆಯಲ್ಲಿ ತೀರ್ಮಾನವಾಗುತ್ತದೆ, ನಾವು ಆಫೀಸಿನ ಮುಂದೆ ಕೂತು ಕಾಯುತ್ತೇವೆ.

ನಿನ್ನೆ ಮತ್ತೆ ಒಂದು ತೊಟ್ಟಿ ಚೆಲ್ಲಿದೆವು. ಚೆಲ್ಲುವ ಮುಂಚೆ ಕೈ ತೊಳೆಸಿದರು. ಸತ್ತ ಮರಿಗಳಿಗೆ ನಮ್ಮ ಕೊಳೆ ತಾಗಬಾರದಲ್ಲ!

ಇನ್ನು ನಾನು ಬರೆಯುವುದಿಲ್ಲ.


ಮಾರ್ಚ್ ೧೮

ನಾದಿನಿ,

ನಿನಗೆ ತಡವಾಗಿ ಬರೆಯುತ್ತಿದ್ದೇನೆ. ಮೊದಲು ನಿನ್ನಣ್ಣನಿಗೆ ಬರೆದೆ. ನಾನು ಸಹಿ ಹಾಕುವ ಮುಂಚೆ, ರಾತ್ರಿ ಪಂಪು ನಿಲ್ಲಿಸುವ ಕೆಲಸ ಅವರ ಕೈಯಿಂದಲೇ ಆಗಲಿ ಎಂದು ಆಸೆಪಟ್ಟೆ. ಎರಡು ಸಲ ಬರೆದೆ. ಬಂದ ಉತ್ತರ ಒಂದೇ ಸಾಲು. "ನಿನ್ನ ಸಮುದ್ರ ನಿನಗೆ, ನನ್ನ ಪಂಪು ನನಗೆ." ಸಂಸಾರ ಮಾಡಿ ಇಷ್ಟು ವರ್ಷವಾಯಿತು, ಕೋಪ ಬಂದಾಗ ಈ ಮನುಷ್ಯ ಇಷ್ಟು ಚೆನ್ನಾಗಿ ಬರೆಯುತ್ತಾರೆಂದು ಗೊತ್ತಿರಲಿಲ್ಲ.

ಇದರ ಜೊತೆ ನನ್ನ ಹೇಳಿಕೆ ಇದೆ, ಸಹಿ ಹಾಕಿದ್ದೇನೆ. ನಮ್ಮ ಮುಖ್ಯಸ್ಥರು ಇನ್ನೊಂದು ವರ್ಷದ ಅಂಕಿ ಸೇರಲಿ ಅಂದರು. "ಅಷ್ಟ್ರಲ್ಲಿ ಹದಿಮೂರು ಜನದ ಕೆಲಸ ಹೋಗತ್ತೆ ಸಾರ್" ಅಂದೆ. "ಅದು ನಮ್ಮ ಅಧ್ಯಯನದ ವ್ಯಾಪ್ತಿಗೆ ಬರಲ್ಲಮ್ಮ" ಅಂದರು. ಆ ಮಾತು ನನ್ನದೇ ಬಾಯಿಂದ ಬಂದಂತೆ ಕೇಳಿಸಿತು. ಸಂಸ್ಥೆಯ ಹೆಸರು ಬಿಟ್ಟು ನನ್ನ ಹೆಸರಿನಲ್ಲಿ ಬರೆದಿದ್ದೇನೆ.

ಕೊಲ್ಲಿಯ ಬಾಯಿಯ ಉಪಕರಣ ಗಂಟೆಗಂಟೆಗೂ ಅಳೆಯುತ್ತದೆ. ನಾನು ದಿನದ ಸರಾಸರಿ ಮಾಡಿ ನೋಡಿ, ನೀರು ಸರಿ ಇದೆ ಎಂದು ನಿನಗೆ ಬರೆದೆ. ಈಗ ಗಂಟೆಗಳನ್ನು ಬಿಡಿಸಿ ನೋಡಿದೆ. ಮಧ್ಯಾಹ್ನ ಅಂಕಿ ಮೇಲೆ, ರಾತ್ರಿಯಿಡೀ ಇಳಿಜಾರು, ಬೆಳಕು ಹರಿಯುವ ಮುಂಚೆ ಪಾತಾಳ. ಅಂಕಿ ಇಳಿದಷ್ಟೂ ನೀರು ಹುಳಿ. ಮರಿಗಳು ಸರಾಸರಿಯಲ್ಲಿ ಬದುಕುವುದಿಲ್ಲ, ತೊಟ್ಟಿಯಲ್ಲಿ ಬದುಕಬೇಕು. ತೊಟ್ಟಿಗೆ ಬರುತ್ತಿದ್ದದ್ದು ಆ ಪಾತಾಳದ ನೀರು.

ಇದು ಮೊದಲೂ ಇಳಿಯುತ್ತಿತ್ತು, ರಾತ್ರಿ ಹೊಸದಲ್ಲ. ಆದರೆ ಈಗ ಸಮುದ್ರ ಹೊಗೆ ಕುಡಿದು ಮೊದಲೇ ಒಂದು ಮೆಟ್ಟಿಲು ಕೆಳಗಿದೆ. ನೀರು ಬಿಸಿಯಾದಷ್ಟೂ ಸೂಕ್ಷ್ಮಜೀವಿಗಳ ಉಸಿರು ಜೋರಾಗುತ್ತದೆ. ಅದಕ್ಕೇ ಮೊದಲು ತಡೆದುಕೊಳ್ಳುತ್ತಿದ್ದ ಮರಿಗೆ ಈಗ ತಡೆಯಲಾಗುತ್ತಿಲ್ಲ. ಮಧ್ಯಾಹ್ನ ನೀರೆತ್ತಿದರೆ ಈ ವರ್ಷ ಉಳಿಯುತ್ತವೆ. ಮುಂದೊಂದು ದಿನ ಮಧ್ಯಾಹ್ನದ ನೀರೂ ಸಾಲದೇ ಹೋದೀತು. ಅದನ್ನು ಹೇಳದೆ ನಿನ್ನನ್ನು ಸಮಾಧಾನ ಮಾಡಲಾರೆ.

ನಿಮ್ಮ ಕೈಗಳ ಬಗ್ಗೆ ಹೇಳಿಕೆಯಲ್ಲಿ ಒಂದೇ ವಾಕ್ಯ ಇದೆ. ಅದನ್ನು ದೊಡ್ಡಮ್ಮನಿಗೆ ಮೊದಲು ಓದಿ ಹೇಳು.

ಅತ್ತಿಗೆ


ಏಪ್ರಿಲ್ ೨

ಅತ್ತಿಗೆ,

ಬರೆಯುವುದಿಲ್ಲ ಅಂದಿದ್ದೆ. ಬರೆಯುತ್ತಿದ್ದೇನೆ. ಹದಿನೇಳರ ಕಾಗದ ಸುಟ್ಟುಹಾಕಿ. ಇಲ್ಲವೇ ಇಟ್ಟುಕೊಳ್ಳಿ, ನನ್ನ ಬುದ್ಧಿ ನನಗೆ ಗೊತ್ತಿರುವುದೇ.

ನಿಮ್ಮ ವಾಕ್ಯ ಓದಿದೆ. "ತೊಟ್ಟಿ ತೊಳೆದವರ ಕೈಗಳಿಗೂ ಮರಿಗಳ ಸಾವಿಗೂ ಯಾವ ಸಂಬಂಧವೂ ಇಲ್ಲ." ದೊಡ್ಡಮ್ಮ ಇನ್ನೊಂದು ಸಲ ಓದಿಸಿದಳು. ಆಮೇಲೆ ಡಬ್ಬಿ ತೆಗೆದು, "ಬನ್ರೇ, ಊಟ ಮಾಡಾಣ" ಅಂದಳು.

ವಿಚಾರಣೆಯಲ್ಲಿ ಮ್ಯಾನೇಜರು ನಿಮ್ಮ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಇದು ನಿಮ್ಮನೆ ಕಾಗದ. ನಾದಿನಿಗೆ ಅತ್ತಿಗೆ ಸಾಕ್ಷಿ. ನಾಳೆ ನಿಮ್ಮ ಮಾವ ಬಂದು ತೀರ್ಪು ಕೊಡ್ತಾರಾ?" ಎಲ್ಲರೂ ನಕ್ಕರು. ನಾನು ರಾತ್ರಿ ಪಂಪಿನ ವಿಷಯ ಎತ್ತಿದಾಗ ನಗು ನಿಂತಿತು. ಆಗ ಮ್ಯಾನೇಜರು ಏನಂದರು ಗೊತ್ತೆ? "ಟೈಮರ್ ಕೂರ್ಸಿದ್ದು ನಿಮ್ಮಣ್ಣ. ತಪ್ಪಿದ್ರೆ ಅವನದು. ಕಂಪನಿ ಎಲ್ಲಿ ಬಂತು ಇದ್ರಲ್ಲಿ?" ನಿನ್ನೆಯವರೆಗೆ ನಮ್ಮ ಕೈ, ಇವತ್ತು ಅಣ್ಣನ ಕೈ. ಗಡಿಯಾರ ಕೊಟ್ಟ ಕಂಪನಿಗೆ ಮಾತ್ರ ಕೈಯೇ ಇಲ್ಲ!

ಅಣ್ಣ ಬಾಗಿಲ ಹತ್ತಿರ ನಿಂತಿದ್ದ. ಅದನ್ನು ಕೇಳಿ ಹೊರಗೆ ಹೋದ.

ಸಂಜೆ ಪಾಳಿ ಮುಗಿದ ಮೇಲೆ ನಾವು ಹದಿಮೂರು ಜನವೂ ಪಂಪ್ ಹೌಸಿನ ಬಾಗಿಲಿಗೆ ಅಡ್ಡ ಕೂತೆವು. ಅಣ್ಣ ಬೀಗದ ಕೈ ಹಿಡಿದು ಬಂದ.

"ದಾರಿ ಬಿಡೇ."

"ಬಿಡಲ್ಲ ಕಣೋ. ನಮ್ ಮೇಲೆ ನಡ್ಕೊಂಡ್ ಹೋಗು."

"ಟೈಮರ್ ತೆಗೀಬೇಕು. ನೀವು ಹಿಂಗೆ ಕೂತ್ರೆ ನಾನು ಒಳಗ್ ಹೋಗೋದ್ ಹೆಂಗೆ?"

ಅವನ ಕಂಕುಳಲ್ಲಿ ಗಡಿಯಾರ ಇತ್ತು. ಮಾರನೇ ದಿನ ಅದನ್ನು ಮ್ಯಾನೇಜರ ಮೇಜಿನ ಮೇಲಿಟ್ಟು, "ಇದ್ರಲ್ಲಿ ಮಧ್ಯಾಹ್ನ ಆದಾಗ ನಂಗೆ ಹೇಳಿ ಸಾರ್, ಪಂಪ್ ಹಾಕ್ತೀನಿ" ಅಂದನಂತೆ. ಅವನಿಗೆ ಬರಬೇಕಿದ್ದ ಬಡ್ತಿ ಹೋಯಿತು. ಬೈದುಕೊಂಡೇ ಓಡಾಡುತ್ತಿದ್ದಾನೆ, ನನ್ನನ್ನೂ ನಿಮ್ಮನ್ನೂ ಸಮುದ್ರವನ್ನೂ. ಪಂಪು ಮಾತ್ರ ಊಟವಾದ ಮೇಲೇ ಹಾಕುತ್ತಾನೆ.

ಮರಿಗಳು ನಿಂತವು ಅತ್ತಿಗೆ. ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಒಂದೊಂದರ ಬೆನ್ನ ಮೇಲೂ ಉಗುರಿನ ತುದಿಯಂಥ ಚಿಪ್ಪು.

ಸಂತೋಷವೆಂದು ತಿಳಿಯಬೇಡಿ. ಮರಿ ನಿಂತ ಎರಡನೇ ದಿನ ಗೇಟಿಗೆ ಬ್ಯಾನರು ಬಂತು, "ಸ್ವಚ್ಛ ಹಸ್ತ ಅಭಿಯಾನದ ಯಶಸ್ಸು." ಸೋಪಿನಿಂದ ಮರಿ ಉಳಿದವಂತೆ! ಬೋರ್ಡಿನಲ್ಲಿ ನಮ್ಮ ನಂಬರುಗಳು ಇನ್ನೂ ಹಾಗೇ ಇವೆ. ವಿಚಾರಣೆಯ ಕೊನೆಗೆ ನಮ್ಮನ್ನು ಕೆಲಸದಿಂದ ತೆಗೆಯಲು ಹೊರಡಿಸಿದ ಆದೇಶಕ್ಕೆ ಈಗ ತಡೆ ಅಷ್ಟೇ, ರದ್ದಿಲ್ಲ. ಮನೆಯ ಕಾಗದ ನಡೆಯುವುದಿಲ್ಲವೆಂದರೆ ಎಲ್ಲರ ಎದುರು ನೀರು ಹಿಡಿಯೋಣ, ಅವರು ಹೇಳಿದ ಲ್ಯಾಬಿಗೇ ಕಳಿಸೋಣ ಎಂದೆವು. ಒಪ್ಪುವವರೆಗೆ ಯಾರೂ ಜಾಲರಿ ಮುಟ್ಟಲಿಲ್ಲ. ಒಪ್ಪಿದರು.

ಮುಂದಿನ ದೋಣಿಯಲ್ಲಿ ಹೊಸ ಬಾಟಲಿಗಳನ್ನು ಕಳಿಸಿ. ವಿಷ ಬೇಡ, ಪೆಟ್ಟಿಗೆಯಲ್ಲಿದೆ. ಈ ಸಲ ಸೆರಗಿನಲ್ಲಿ ಕಟ್ಟಿಕೊಂಡು ಹೋಗುವುದಿಲ್ಲ. ತಲೆಬುರುಡೆ ಚಿತ್ರ ಎಲ್ಲರಿಗೂ ಕಾಣುವ ಹಾಗೆ ಕೈಯಲ್ಲಿ ಹಿಡಿದು ಗೇಟಿನಿಂದಲೇ ಹೋಗುತ್ತೇನೆ. ಬೆಳಕು ಹರಿಯುವ ಮುಂಚಿನದೊಂದು, ಮಧ್ಯಾಹ್ನದ್ದೊಂದು, ಎರಡಕ್ಕೂ ನಾನೇ ಹನಿ ಹಾಕುತ್ತೇನೆ. ನೀರು ಹಿಡಿಯಬೇಕಾದ ಹೊತ್ತು ಅಣ್ಣನಿಗೆ ಸರಿಯಾಗಿ ತಿಳಿಯಬೇಕಂತೆ. ಅವನಿಗೇ ಬರೆಯಿರಿ, ನಿಮ್ಮಿಬ್ಬರ ನಡುವೆ ನಾನು ಪೋಸ್ಟಾಫೀಸಲ್ಲ.

ಬಾಟಲಿ ಹಿಡಿಯಬೇಕಾದವರು ಮ್ಯಾನೇಜರು. ಅದು ನಮ್ಮ ಷರತ್ತು. ಕೈ ತೊಳೆದುಕೊಂಡು ಬರಲು ಹೇಳಿದ್ದೇವೆ. ದೊಡ್ಡಮ್ಮ ಹತ್ತಿ ಕಡ್ಡಿ ಹಿಡಿದು ಬಾಗಿಲಲ್ಲೇ ನಿಂತಿರುತ್ತಾಳೆ.

ನಿಮ್ಮ ನಾದಿನಿ